ಚೌಕಿಯಲ್ಲಿ ಇಂಟರ್ವಲ್ ರೆಕಾರ್ಡಿಂಗ್, ಟೇಪ್ ಮೇಲೆ ರಿಟೇಕ್

ಪ್ರಶ್ನೆ: ನಮ್ಮಲ್ಲಿ ಸೋನಿ ಪಿಡಿ150 (ಪಾಲ್) ಕ್ಯಾಮೆರಾ ಇದೆ. ತೆಂಕುತಿಟ್ಟು ಯಕ್ಷಗಾನದ ಬಣ್ಣದ ವೇಷ (ರಾಕ್ಷಸ ಪಾತ್ರ) ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಜಾಗದಲ್ಲಿ, ಸಿದ್ಧವಾಗುವ ಮೂರು ಗಂಟೆಯ ಕೆಲಸವನ್ನು ಸಾಕ್ಷ್ಯಚಿತ್ರದಲ್ಲಿ ಅರ್ಧ ನಿಮಿಷದೊಳಗೆ ತೋರಿಸಬೇಕು. ಇಂಟರ್ವಲ್ ರೆಕಾರ್ಡಿಂಗ್ (ನಿಗದಿತ ಅಂತರಕ್ಕೊಮ್ಮೆ ತುಸು ಹೊತ್ತು ಮಾತ್ರ ಚಿತ್ರೀಕರಣ) ಮಾಡಿ ಸ್ಪೀಡ್ ಹೆಚ್ಚಿಸಿದಾಗ ಚಿತ್ರ ಕುಪ್ಪಳಿಸುತ್ತದೆ, ಬೆಳಕೂ ಏರಿಳಿಯುತ್ತದೆ. ಏನು ಮಾಡಬೇಕು?
– ಬ್ರಹ್ಮಾವರದ ಓದುಗರು

ಉತ್ತರ: ಕುಪ್ಪಳಿಸುವುದಕ್ಕೆ ಕಾರಣ ಕ್ಯಾಮೆರಾದ ದೋಷವಲ್ಲ, ಟೇಪಿನ ಸ್ವಭಾವ. ಟೇಪ್ ಕ್ಯಾಮೆರಾ ಒಂದೊಂದೇ ಫ್ರೇಮ್ ಬರೆದು ನಿಲ್ಲಲಾರದು. ಪ್ರತಿ ಸಲವೂ ಟೇಪನ್ನು ಸ್ವಲ್ಪ ಹಿಂದಕ್ಕೆ ಎಳೆದು, ಹಳೆಯ ಟ್ರ್ಯಾಕ್ ಓದಿ, ಅದಕ್ಕೆ ಹೊಂದಿಕೊಂಡು ಹೊಸತನ್ನು ಜೋಡಿಸಬೇಕು. ಹಾಗಾಗಿ ಈ ಕ್ಯಾಮೆರಾದ ಇಂಟರ್ವಲ್ ರೆಕಾರ್ಡಿಂಗ್‌ನಲ್ಲಿ ಒಂದು ತುಣುಕಿನ ಕನಿಷ್ಠ ಉದ್ದ 0.5 ಸೆಕೆಂಡ್. ಅದರಲ್ಲೂ 6 ಫ್ರೇಮ್‌ವರೆಗೆ ಹೆಚ್ಚುಕಮ್ಮಿ ಆಗಬಹುದು. ಪಾಲ್ ಪದ್ಧತಿಯಲ್ಲಿ ಸೆಕೆಂಡಿಗೆ 25 ಫ್ರೇಮ್, ಅಂದರೆ ಅರ್ಧ ಸೆಕೆಂಡಿಗೆ ಹನ್ನೆರಡು ಹದಿಮೂರು. ಒಂದು ತುಣುಕು 7 ಫ್ರೇಮ್ ಇದ್ದು ಮುಂದಿನದು 18 ಇರಲು ಸಾಧ್ಯ. ಇದನ್ನೆಲ್ಲ ಒಟ್ಟಿಗೆ ಸ್ಪೀಡ್ ಮಾಡಿದರೆ ಲಯ ತಪ್ಪದೆ ಇರುವುದಿಲ್ಲ.

ಇಂಟರ್ವಲ್ 30 ಸೆಕೆಂಡ್, ರೆಕಾರ್ಡಿಂಗ್ 0.5 ಸೆಕೆಂಡ್ ಇಡಿ. ಮೂರು ಗಂಟೆಗೆ 360 ತುಣುಕು, ಟೇಪಿನಲ್ಲಿ ಮೂರೇ ನಿಮಿಷ. ಎಡಿಟಿಂಗ್‌ನಲ್ಲಿ ಪ್ರತಿ ತುಣುಕಿನ ನಡುವಿನಿಂದ ಎರಡೆರಡು ಫ್ರೇಮ್ ಮಾತ್ರ ತೆಗೆದುಕೊಳ್ಳಿ: 720 ಫ್ರೇಮ್, 28.8 ಸೆಕೆಂಡ್. ನಿಮಗೆ ಬೇಕಾದ ಅಳತೆ ಅಷ್ಟೇ. ಇನ್ನೂ ಚುರುಕಾಗಿ ಬೇಕಿದ್ದರೆ ಒಂದೊಂದು ಫ್ರೇಮ್, ಆಗ 14 ಸೆಕೆಂಡಿಗೆ ಮುಗಿಯುತ್ತದೆ. 1 ನಿಮಿಷದ ಇಂಟರ್ವಲ್ ಈ ಕೆಲಸಕ್ಕೆ ಉದ್ದವಾಯಿತು. ಚಿಟ್ಟಿ (ಮುಖದ ಮೇಲಿನ ಬಿಳಿ ಮುಳ್ಳುಗಳ ಸಾಲು) ಇಡುವ ಹೊತ್ತಿನಲ್ಲಿ ಮುಖ ಬದಲಾಗುವುದು ಹಂತಹಂತವಾಗಿ ಕಾಣದೆ ಹೋಗುತ್ತದೆ.

360 ತುಣುಕು ಕೈಯಲ್ಲಿ ಕತ್ತರಿಸುವ ಕಷ್ಟ ಬೇಡ. ಡಿವಿ ಟೇಪಿನಲ್ಲಿ ಚಿತ್ರದ ಜೊತೆ ದಿನಾಂಕ, ಸಮಯವೂ ದಾಖಲಾಗುತ್ತದೆ. ಫೈರ್‌ವೈರ್ ಕೇಬಲ್ ಮೂಲಕ ಕಂಪ್ಯೂಟರಿಗೆ ಕ್ಯಾಪ್ಚರ್ ಮಾಡುವಾಗ ಸೀನ್ ಡಿಟೆಕ್ಷನ್ ಆನ್ ಮಾಡಿದರೆ, ಸಮಯ ಜಿಗಿದಲ್ಲೆಲ್ಲ ಸಾಫ್ಟ್‌ವೇರ್ ತಾನೇ ಕ್ಲಿಪ್ ಬೇರ್ಪಡಿಸುತ್ತದೆ. ಇದಕ್ಕೆ ಕ್ಯಾಮೆರಾದ ಗಡಿಯಾರ ಮೊದಲೇ ಸರಿಯಾಗಿ ಸೆಟ್ ಆಗಿರಬೇಕು. ಹಳೆಯ ಕ್ಯಾಮೆರಾಗಳಲ್ಲಿ ಒಳಗಿನ ಚಿಕ್ಕ ಬ್ಯಾಟರಿ ಸತ್ತು ಗಡಿಯಾರ ಖಾಲಿ ಇರುವುದು ಸಾಮಾನ್ಯ. ಚೌಕಿಗೆ ಹೋಗುವ ಮೊದಲು ನೋಡಿಕೊಳ್ಳಿ.

ಬೆಳಕಿನ ಏರಿಳಿತಕ್ಕೆ ಕಾರಣ ಆಟೋ ಐರಿಸ್, ಅಂದರೆ ಲೆನ್ಸಿನ ಬೆಳಕಿನ ಕಿಂಡಿಯನ್ನು ಕ್ಯಾಮೆರಾ ತಾನೇ ಹಿರಿದು ಕಿರಿದು ಮಾಡುವುದು. ಬರಿ ಮುಖಕ್ಕೆ ಅಕ್ಕಿಹಿಟ್ಟು, ಸುಣ್ಣದ ಬಿಳಿ ಚಿಟ್ಟಿ ಏರುತ್ತಾ ಹೋದಂತೆ ಕ್ಯಾಮೆರಾ ಐರಿಸ್ ಮುಚ್ಚುತ್ತದೆ, ಕೆಂಪು ಕಪ್ಪು ಬಣ್ಣ ಮಂಕಾಗುತ್ತದೆ. ಐರಿಸ್, ಗೇನ್, ಶಟರ್, ವೈಟ್ ಬ್ಯಾಲೆನ್ಸ್, ಫೋಕಸ್ ಎಲ್ಲವನ್ನೂ ಮ್ಯಾನುವಲ್‌ಗೆ ತನ್ನಿ. ಐರಿಸನ್ನು ಆರಂಭದ ಬರಿ ಮುಖಕ್ಕೆ ಹೊಂದಿಸಬೇಡಿ, ಕೊನೆಯ ಮುಖಕ್ಕೆ ಹೊಂದಿಸಿ. ಕಲಾವಿದರು ಕೂರುವ ಜಾಗದಲ್ಲಿ, ಅವರ ಮುಖದ ಎತ್ತರಕ್ಕೆ ಒಂದು ಬಿಳಿ ಹಾಳೆ ಹಿಡಿದು, ಜೀಬ್ರಾ (ಅತಿ ಬೆಳಕು ಬಿದ್ದ ಜಾಗದಲ್ಲಿ ಗೆರೆ ತೋರಿಸುವ ಸೌಲಭ್ಯ) 100ಕ್ಕೆ ಇಟ್ಟು, ಹಾಳೆಯ ಮೇಲಿನ ಗೆರೆಗಳು ಮಾಯವಾಗುವವರೆಗೆ ಐರಿಸ್ ಇಳಿಸಿ. ಅದೇ ಹಾಳೆಯಲ್ಲಿ ವೈಟ್ ಬ್ಯಾಲೆನ್ಸ್ ಕೂಡ ತೆಗೆದುಕೊಳ್ಳಿ. ಮೊದಲ ಕೆಲವು ನಿಮಿಷ ಮುಖ ಸ್ವಲ್ಪ ಕಪ್ಪಗೆ ಕಂಡರೂ ಚಿಂತೆಯಿಲ್ಲ. ಚಿಟ್ಟಿಯ ಮುಳ್ಳುಮುಳ್ಳಾದ ಅಂಚು ಬಿಳಿಯಲ್ಲಿ ಕರಗಿ ಹೋದರೆ ಈ ಚಿತ್ರೀಕರಣಕ್ಕೇ ಅರ್ಥವಿಲ್ಲ. ಶಟರ್ 1/50 ಇರಲಿ. 50 ಹರ್ಟ್ಸ್ ದೀಪಗಳ ಮಿಣುಕು ಅದರಲ್ಲಿ ಕಾಣದು.

ಸ್ಟೆಡಿಶಾಟ್ (ಕೈನಡುಕ ತಡೆಯುವ ವ್ಯವಸ್ಥೆ) ಆಫ್, ಟ್ರೈಪಾಡ್ ಕಾಲಿಗೆ ಮರಳಿನ ಚೀಲ. ಜನರೇಟರ್ ಕರೆಂಟ್ ನೆಚ್ಚಿಕೊಳ್ಳದೆ ಎನ್‌ಪಿ-ಎಫ್970ರಂಥ ದೊಡ್ಡ ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿ ಹಾಕಿ, ಎಲ್‌ಸಿಡಿ ಮುಚ್ಚಿಡಿ. ಧ್ವನಿ ಅರ್ಧರ್ಧ ಸೆಕೆಂಡಿನ ಚೂರುಗಳಾಗಿ ಬರುವುದರಿಂದ ಉಪಯೋಗಕ್ಕಿಲ್ಲ; ಚೌಕಿಯ ಮಾತು, ದೂರದ ಚೆಂಡೆಯನ್ನು ಬೇರೆ ರೆಕಾರ್ಡರ್‌ನಲ್ಲಿ ಹಿಡಿಯಿರಿ.

ಪ್ರಶ್ನೆ: ಸಂದರ್ಶನದಲ್ಲಿ ತಪ್ಪಾದ ಶಾಟಿನ ಮೇಲೆಯೇ ರಿಟೇಕ್ ಮಾಡಿದೆವು. ಈಗ ಟೈಮ್‌ಕೋಡ್ (ಪ್ರತಿ ಫ್ರೇಮಿಗೂ ಟೇಪಿನಲ್ಲಿ ಬೀಳುವ ಸಮಯದ ಎಣಿಕೆ) ನಡುವೆ ಸೊನ್ನೆಗೆ ಇಳಿದಿದೆ, ಕ್ಯಾಪ್ಚರ್ ಅಲ್ಲೇ ನಿಲ್ಲುತ್ತದೆ.
– ಸುರತ್ಕಲ್‌ನ ಓದುಗರು

ಉತ್ತರ: ನೀವು ಹೊಸ ಶಾಟನ್ನು ಖಾಲಿ ಟೇಪಿನ ಮೇಲೆ ಶುರು ಮಾಡಿದ್ದೀರಿ. ಹಿಂದೆ ಓದಲು ಟ್ರ್ಯಾಕ್ ಸಿಗದಿದ್ದರೆ ಕ್ಯಾಮೆರಾ 00:00:00:00ದಿಂದ ಎಣಿಸುತ್ತದೆ. ಟೇಪ್ ಹೊರತೆಗೆದು ಮತ್ತೆ ಹಾಕಿದಾಗ, ಅಥವಾ ಪ್ಲೇ ಮಾಡಿ ನೋಡುತ್ತಾ ಕೊನೆ ದಾಟಿ ಹೋದಾಗ ಹೀಗಾಗುತ್ತದೆ.

ಸರಿಯಾದ ಕ್ರಮ ಇದು. ರೆಕಾರ್ಡ್ ಪಾಜ್‌ನಲ್ಲಿದ್ದಾಗಲೇ (ರೆಕಾರ್ಡಿಂಗ್ ತಡೆದು ನಿಂತಿರುವಾಗ) ಎಡಿಟ್ ಸರ್ಚ್ ಗುಂಡಿಯ ಮೈನಸ್ ಬದಿ ಒತ್ತಿ ಹಿಡಿಯಿರಿ (ಕೆಲವು ಕ್ಯಾಮೆರಾಗಳಲ್ಲಿ ಇದಕ್ಕೆ ರಿಟೇಕ್ ಎಂದೇ ಹೆಸರು). ಕೆಟ್ಟ ಶಾಟ್ ಶುರುವಾಗುವ ಜಾಗದಲ್ಲಿ ಕೈಬಿಟ್ಟು ರೆಕಾರ್ಡ್ ಒತ್ತಿ. ಹಿಂದಿನ ಒಳ್ಳೆಯ ಶಾಟಿನ ಕೊನೆಯ ಮಾತು ಉಳಿಯಬೇಕಾದರೆ ಅದು ಮುಗಿದು ಎರಡು ಸೆಕೆಂಡ್ ಕಳೆದ ಮೇಲೆ ನಿಲ್ಲಿಸಿ. ಟೈಮ್‌ಕೋಡ್ ರೆಕ್ ರನ್ (ರೆಕಾರ್ಡ್ ಆಗುವಾಗ ಮಾತ್ರ ಎಣಿಕೆ), ರೀಜನ್‌ನಲ್ಲಿರಲಿ (ಟೇಪಿನ ಹಿಂದಿನ ಎಣಿಕೆ ಓದಿ ಮುಂದುವರಿಕೆ). ಎಣಿಕೆ ಸದಾ ಓಡುತ್ತಿರುವ ಫ್ರೀ ರನ್‌ನಲ್ಲಿ ಪ್ರತಿ ರಿಟೇಕಿಗೂ ಜಿಗಿತ ಬೀಳುತ್ತದೆ. ಡಿವಿ ಎಸ್‌ಪಿಯಲ್ಲಿ ತೆಗೆದ ಟೇಪಿಗೆ ಡಿವಿಕ್ಯಾಮ್‌ನಲ್ಲಿ ರಿಟೇಕ್ ಬೇಡವೇ ಬೇಡ. ಇವೆರಡು ಬೇರೆ ಬೇರೆ ರೆಕಾರ್ಡಿಂಗ್ ವಿಧಾನ: ಮೊದಲಿನದರ ಟ್ರ್ಯಾಕ್ ಅಗಲ 10 ಮೈಕ್ರಾನ್, ಎರಡನೆಯದರದು 15. ಜೋಡಣೆ ಶುದ್ಧವಾಗಿ ಬರುವುದಿಲ್ಲ.

ರಿಟೇಕ್ ಹಳೆಯ ಶಾಟಿಗಿಂತ ಚಿಕ್ಕದಾದರೆ ಹಳೆಯದರ ಬಾಲ ಉಳಿಯುತ್ತದೆ. ಅದನ್ನು ನೋಡಿ ಅಲ್ಲಿಂದ ಮುಂದಕ್ಕೆ ಹೋಗಬೇಡಿ, ರಿಟೇಕ್ ಮುಗಿದ ಜಾಗದಿಂದಲೇ ಮುಂದುವರಿಸಿ. ಉದ್ದವಾದರೆ ಇನ್ನೂ ಅಪಾಯ: ಮುಂದೆ ಒಳ್ಳೆಯ ಶಾಟ್ ಇದ್ದರೆ ಅದನ್ನು ತಿಂದುಬಿಡುತ್ತದೆ. ಆದ್ದರಿಂದ ರಿಟೇಕ್ ಕಟ್ಟಕಡೆಯ ಶಾಟಿಗೆ ಮಾತ್ರ. ಭೂತಕೋಲ, ರಥೋತ್ಸವದಂಥ ಕಡೆ ಅದನ್ನು ಮುಟ್ಟಲೇಬೇಡಿ. ಕೆಟ್ಟದೆನಿಸಿದ ಶಾಟಿನಲ್ಲೂ ಎರಡು ಸೆಕೆಂಡ್ ಬೇಕಾದದ್ದು ಇರುತ್ತದೆ, ಅಳಿಸಿದ ಮೇಲೆ ಅದು ಮರಳಿ ಬಾರದು. ಇಂಟರ್ವಲ್ ಟೇಪಿನ ನಡುವೆಯೂ ಬೇಡ. ಅರ್ಧ ಸೆಕೆಂಡಿನ ತುಣುಕುಗಳ ನಡುವೆ ಜಾಗ ಗುರುತಿಸುವುದು ಅಸಾಧ್ಯವೆಂದೇ ಹೇಳಬೇಕು.

ಈಗಿರುವ ಟೇಪನ್ನು ಎರಡು ಭಾಗವಾಗಿ ಕ್ಯಾಪ್ಚರ್ ಮಾಡಿ. ಸೊನ್ನೆಗೆ ಇಳಿದ ಜಾಗ ದಾಟಿ ಕೆಲವು ಸೆಕೆಂಡ್ ಪ್ಲೇ ಆದ ಮೇಲೆ ಎರಡನೆಯದನ್ನು ಶುರು ಮಾಡಿ, ಅದಕ್ಕೆ ಬೇರೆ ರೀಲ್ ಹೆಸರು ಕೊಡಿ.

ಪ್ರಶ್ನೆ: ಮಳೆಗಾಲದಲ್ಲಿ ಎಸಿ ಕೋಣೆಯಿಂದ ಹೊರಗೆ ತಂದ ಕೂಡಲೇ ಕ್ಯಾಮೆರಾ ಕೆಲಸ ನಿಲ್ಲಿಸುತ್ತದೆ.
– ಮಲ್ಪೆಯ ಓದುಗರು

ಉತ್ತರ: ಕ್ಯಾಮೆರಾದೊಳಗೆ ಟೇಪ್ ಸುತ್ತಿಕೊಂಡು ಓಡುವ ತಣ್ಣಗಿನ ಡ್ರಮ್ ಮೇಲೆ ತೇವ ಕೂತಿದೆ. ಒದ್ದೆ ಡ್ರಮ್‌ಗೆ ಟೇಪ್ ಅಂಟಿ ಹರಿಯಬಾರದೆಂದು ಕ್ಯಾಮೆರಾ ತಾನೇ ನಿಲ್ಲುತ್ತದೆ. ಕ್ಯಾಸೆಟ್ ತೆಗೆದು, ಮುಚ್ಚಳ ತೆರೆದು, ಆಫ್ ಮಾಡಿ ಒಂದು ಗಂಟೆ ಬಿಡಿ. ಹೇರ್ ಡ್ರೈಯರ್ ಬೇಡ. ಮುಂದೆ ಎಸಿ ಕೋಣೆಯೊಳಗೇ ಕ್ಯಾಮೆರಾವನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಿಗಿಯಾಗಿ ಕಟ್ಟಿ ಹೊರತನ್ನಿ. ಹೊರಗಿನ ಬಿಸಿಗೆ ಅದು ಹೊಂದಿಕೊಂಡ ಮೇಲೆಯೇ ಗಂಟು ಬಿಚ್ಚಿ.