ಬರ್ಲಿನ್‌ನ ಫುಟ್‌ಬಾಲ್ ಕ್ಲಬ್ ಬಿಎಫ್‌ಸಿ ಡೈನಮೊ ಪೂರ್ವ ಜರ್ಮನಿಯ ಲೀಗ್ ಅನ್ನು ಸತತ 10 ಸಲ ಗೆದ್ದಿದ್ದು ಬರೀ ಮೋಸದಿಂದಲೇ?

ಬರೀ ಮೋಸ ಅಂದರೆ ತಪ್ಪಾಗುತ್ತದೆ, ಆದರೆ ಮೋಸವೇ ಇರಲಿಲ್ಲ ಅಂದರೆ ಪೂರ್ವ ಜರ್ಮನಿಯವರು ಯಾರೂ ನಂಬುವುದಿಲ್ಲ.

ಅದು ಗುಪ್ತ ಪೊಲೀಸ್ ಪಡೆ 'ಸ್ಟಾಸಿ'ಯ ಮುಖ್ಯಸ್ಥ ಎರಿಕ್ ಮಿಲ್ಕೆಯ ಮುದ್ದಿನ ತಂಡ. 1954ರಲ್ಲಿ ಡ್ರೆಸ್ಡನ್‌ನ ಚಾಂಪಿಯನ್ ಆಟಗಾರರನ್ನೇ ಎತ್ತಿ ಬರ್ಲಿನ್‌ಗೆ ತಂದು ಹಾಕಿದ್ದರು, ಡ್ರೆಸ್ಡನ್ ಜನರ ಸಿಟ್ಟು ಆಗಿನಿಂದಲೂ ಆರಲಿಲ್ಲ. ಅವರು ಸೇರಿದ ಕ್ರೀಡಾ ಸಂಸ್ಥೆಯ ಫುಟ್‌ಬಾಲ್ ವಿಭಾಗವೇ 1966ರಲ್ಲಿ ಬೇರೆಯಾಗಿ ಈ ಕ್ಲಬ್ ಆಗಿ ಶುರುವಾಯಿತು. 1979ರಿಂದ 1988ರವರೆಗೆ ಪ್ರತಿ ವರ್ಷವೂ ಪ್ರಶಸ್ತಿ ಇವರದೇ. ರೆಫರಿಗಳಲ್ಲೂ ಸ್ಟಾಸಿಯ ಮಾಹಿತಿದಾರರಿದ್ದರು. ವಿದೇಶಿ ಪಂದ್ಯಗಳಿಗೆ ಹೋಗುವ ಆಸೆ ಇದ್ದವರು ಮಿಲ್ಕೆಯನ್ನು ಎದುರು ಹಾಕಿಕೊಳ್ಳುತ್ತಾರಾ? ಯಾರೂ ಆದೇಶ ಕೊಡಬೇಕಾಗಿಯೇ ಇರಲಿಲ್ಲ.

ತಮಾಷೆ ಅಂದರೆ, ಅತಿ ಹೆಚ್ಚು ಗಲಾಟೆಯಾದ 1986ರ ಲೈಪ್‌ಜಿಗ್ ಪೆನಾಲ್ಟಿ, ಅಂದರೆ ಲೈಪ್‌ಜಿಗ್ ತಂಡದ ವಿರುದ್ಧ ಪಂದ್ಯ ಮುಗಿಯುವ ಹೊತ್ತಿಗೆ ಡೈನಮೊಗೆ ಕೊಟ್ಟು ರೆಫರಿಯ ಕೆಲಸಕ್ಕೇ ಕುತ್ತು ತಂದ ಆ ಪೆನಾಲ್ಟಿ, ಸರಿಯಾಗೇ ಇತ್ತು ಅಂತ ಎಷ್ಟೋ ವರ್ಷದ ಮೇಲೆ ಸಿಕ್ಕ ವಿಡಿಯೊ ತೋರಿಸಿತು.

ತಂಡದಲ್ಲಿ ಪ್ರತಿಭೆಯೂ ಇತ್ತು. ಆಂಡ್ರಿಯಾಸ್ ಥಾಮ್, ಥಾಮಸ್ ಡಾಲ್ ಸುಮ್ನೆ ಬಂದವರಲ್ಲ. ಅವರಿಬ್ಬರೂ ಬರುವ ಮೊದಲೇ, 1980ರಲ್ಲಿ, ಈ ಕ್ಲಬ್ ಯುರೋಪಿಯನ್ ಕಪ್ ಹಾಲಿ ಚಾಂಪಿಯನ್ ಆಗಿದ್ದ ಇಂಗ್ಲೆಂಡ್‌ನ ನಾಟಿಂಗ್‌ಹ್ಯಾಮ್ ಫಾರೆಸ್ಟ್ ತಂಡವನ್ನು ಅದರ ನೆಲದಲ್ಲೇ 1-0ರಿಂದ ಸೋಲಿಸಿತ್ತು, ಆದರೆ ಮನೆಯಂಗಳದಲ್ಲಿ 1-3ರಿಂದ ಸೋತು ಹೊರಬಿತ್ತು. ಅಲ್ಲಿ ಮಿಲ್ಕೆಯ ರೆಫರಿಗಳು ಇರಲಿಲ್ಲ, ಅಲ್ವಾ?

ಬರ್ಲಿನ್ ಗೋಡೆ ಬಿದ್ದ ಮೇಲೆ ಥಾಮ್ ಪಶ್ಚಿಮ ಜರ್ಮನಿಯ ಕ್ಲಬ್ ಲೆವರ್‌ಕೂಸನ್‌ಗೆ ಹೋದ, ಡಾಲ್ ಹ್ಯಾಂಬರ್ಗ್‌ಗೆ. ಕ್ಲಬ್ ಕೆಳಗಿನ ಡಿವಿಷನ್‌ಗಳಿಗೆ ಜಾರಿತು.