ದ್ವೀಪದ ಗಿಡಮರ, ಪ್ರಾಣಿಗಳನ್ನು ಊರಿನವರೇ ಸೇರಿ ಉಳಿಸಿಕೊಂಡ ಉದಾಹರಣೆ ಇದೆಯಾ?

ಇದೆ. ಹಿಂದೂ ಮಹಾಸಾಗರದಲ್ಲಿ ಮಾರಿಷಸ್‌ಗೆ ಸೇರಿದ ರಾಡ್ರಿಗ್ಸ್ ಅನ್ನೋ ಪುಟ್ಟ ದ್ವೀಪ ನೋಡಿ.

ಅಲ್ಲಿನ 'ಕೆಫೆ ಮರೋನ್' ಕಾಫಿ ಬಳಗದ ಗಿಡ. ಬಿಳಿ ನಕ್ಷತ್ರದಂಥ ಹೂವು. ಅದು ಪೂರ್ತಿ ಅಳಿದೇಹೋಯಿತು ಅಂದುಕೊಂಡಿದ್ದರು. 1980ರಲ್ಲಿ ಮೇಷ್ಟ್ರು ತರಗತಿಯಲ್ಲಿ ಅದರ ಚಿತ್ರ ತೋರಿಸಿದರೆ, ಹುಡುಗನೊಬ್ಬ ಅದರ ಟೊಂಗೆಯನ್ನೇ ತಂದುಬಿಟ್ಟ! ಇಡೀ ದ್ವೀಪದಲ್ಲಿ ಉಳಿದಿದ್ದು ಅದೊಂದೇ ಗಿಡ.

ಆಮೇಲಿನ ಕಥೆ ಅಷ್ಟು ಚೆಂದ ಇಲ್ಲ. ಮದ್ದಿಗೆ ಬರುತ್ತೆ ಅಂತ ಜನ ಕೊಂಬೆ ಮುರಿಯತೊಡಗಿದರು. ಬೇಲಿ ಹಾಕಿದರೂ ಬಿಡಲಿಲ್ಲ. ಬರೀ ಬೇಲಿಯಿಂದ ಕೆಲಸ ಆಗಲ್ಲ, ಅಲ್ವಾ? 1986ರಲ್ಲಿ ಲಂಡನ್ನಿನ ಕ್ಯೂ ಅನ್ನೋ ಸಸ್ಯತೋಟಕ್ಕೆ ಕೊಂಬೆಯ ತುಂಡುಗಳನ್ನು ಕಳಿಸಿದರು. ಅಲ್ಲಿ ಬೇರು ಬಿಟ್ಟಿತು, ಹೂವೂ ಬಿಟ್ಟಿತು. ಬೀಜ ಕಟ್ಟಲು ಮಾತ್ರ 2003ರವರೆಗೆ ಕಾಯಬೇಕಾಯಿತು. ಆ ಬೀಜದ ಸಸಿಗಳು ಮತ್ತೆ ದ್ವೀಪಕ್ಕೆ ಬಂದವು. ಎಳೆ ಸಸಿಯ ಎಲೆ ಉದ್ದಕ್ಕೆ, ಸಪೂರವಾಗಿ, ಕಂದು ಬಣ್ಣ. ಬೆಳೆದ ಗಿಡದ್ದು ಅಗಲವಾದ ಹಸಿರೆಲೆ. ಎರಡೂ ಒಂದೇ ಗಿಡ ಅಂದರೆ ನಂಬೋದೇ ಕಷ್ಟ.

ಊರಿನವರ ಕೈ ಜಾಸ್ತಿ ಕಾಣೋದು ಅದೇ ದ್ವೀಪದ ಗ್ರಾಂಡ್ ಮೊಂಟಾನ್ ಕಾಡಿನಲ್ಲಿ. ಹೊರಗಿಂದ ಬಂದು ಹಬ್ಬಿದ ಗಿಡ ಕಿತ್ತು, ದ್ವೀಪದ್ದೇ ಆದ ಸಸಿ ನೆಡುತ್ತಾರೆ. ಹಾಗೆ ಕಾಡು ಕೆಡಿಸಿದ ಗಿಡಗಳಲ್ಲಿ ನಮ್ಮ ಪನ್ನೇರಳೆಯೂ ಒಂದು!

ಪ್ರಾಣಿಗಳ ವಿಷಯಕ್ಕೆ ಬಂದರೆ, ಆ ದ್ವೀಪದ ಹಣ್ಣುಬಾವಲಿಗಳು 1970ರ ದಶಕದಲ್ಲಿ ನೂರಕ್ಕಿಂತ ಕಡಿಮೆ ಇದ್ದವು. ಈಗ ಸಾವಿರಗಟ್ಟಲೆ ಇವೆ.