ಮಳೆಗಾಲದಲ್ಲಿ ಮಲೆನಾಡಿನ ಕಾಡುದಾರಿಗೆ ಮೌಂಟೇನ್ ಬೈಕ್ ಇಳಿಸಬಹುದೇ?

ಬೆಂಗಳೂರಿನಲ್ಲಿ ಓಡಿಸಿ ರೂಢಿಯಾದ ಮೌಂಟೇನ್ ಬೈಕನ್ನು ಜುಲೈನಲ್ಲಿ ಕೊಪ್ಪ, ಶೃಂಗೇರಿ ಕಡೆಯ ಬೇರು ಬಂಡೆಗಳ ಕಾಲುದಾರಿಗೆ ತರಬಹುದೇ ಎಂದು ಕೇಳಿದ್ದೀರಿ. ಧಾರಾಳವಾಗಿ ತನ್ನಿ. ನಾನು ಇದೇ ಸೀಮೆಯವನು, ಬೇಸಿಗೆಗಿಂತ ಮಳೆಗಾಲದಲ್ಲೇ ಹೆಚ್ಚು ತುಳಿಯುತ್ತೇನೆ. ಆದರೆ ಬ್ರೇಕ್ ಹಿಡಿಯುವ ಅಭ್ಯಾಸವನ್ನು ಬದಲಿಸಿಕೊಂಡೇ ಬರಬೇಕು.

ಇಲ್ಲಿ ಕೆಸರಿಗಿಂತ ಹೆಚ್ಚು ಬೀಳಿಸುವುದು ಬೇರು. ಜುಲೈ ಮೊದಲ ವಾರ ಆರಿದ್ರಾ ಮಳೆ ಕಳೆಯುವಷ್ಟರಲ್ಲಿ ದಾರಿಗೆ ಅಡ್ಡ ಹಾಯ್ದ ಬೇರುಗಳ ಮೇಲೆ ತೆಳುವಾದ ಪಾಚಿ ಕಟ್ಟಿರುತ್ತದೆ, ಅದರ ಮೇಲೆ ತರಗೆಲೆ ಮುಚ್ಚಿರುತ್ತದೆ. ಧೋ ಎಂದು ಸುರಿಯುವ ಮಳೆಗಿಂತ ಜಿನುಗುವ ಸೋನೆ ಹೆಚ್ಚು ಅಪಾಯಕಾರಿ. ಜೋರು ಮಳೆ ಬೇರಿಗೆ ಅಂಟಿದ ಜೇಡಿಯನ್ನು ತೊಳೆದುಬಿಡುತ್ತದೆ. ಸೋನೆಗೆ ಆ ಜೇಡಿ ನೆನೆದು ಎಣ್ಣೆ ಹಚ್ಚಿದಂತೆ ಜಾರುತ್ತದೆ.

ಇಳಿಜಾರಿನಲ್ಲಿ ಅಂಥ ಬೇರು ಕಂಡಾಗ ವೇಗವನ್ನು ಅದಕ್ಕಿಂತ ಮುಂಚೆ, ಮಣ್ಣಿನ ಮೇಲೆಯೇ ಇಳಿಸಿಬಿಡಿ. ಬೇರು ಹತ್ತುವ ಹೊತ್ತಿಗೆ ಎರಡೂ ಬ್ರೇಕ್ ಬಿಟ್ಟಿರಬೇಕು. ಉರುಳುವ ಚಕ್ರ ದಾಟಿಕೊಳ್ಳುತ್ತದೆ. ಬ್ರೇಕ್ ಹಿಡಿದ ಚಕ್ರ ಜಾರುತ್ತದೆ. ಆದಷ್ಟು ನೇರವಾಗಿ ಅಡ್ಡ ದಾಟಿ. ಬೇರು ಓರೆಯಾಗಿದ್ದರೆ ಮುಂದಿನ ಚಕ್ರ ಅದರ ಉದ್ದಕ್ಕೇ ಸರಿದು ನಿಮ್ಮನ್ನು ಪಕ್ಕಕ್ಕೆ ಕೆಡವುತ್ತದೆ, ಅಲ್ಲಿ ಮುಂದಿನ ಚಕ್ರವನ್ನು ಒಂದಿಷ್ಟು ಎತ್ತಿ ಆಚೆ ಇಡುವುದೇ ಸರಿ. ಹಿಂದಿನ ಚಕ್ರ ತುಸು ಜಾರಿದರೆ ಗಾಬರಿ ಬೇಡ, ಭಾರ ಪೆಡಲ್‌ಗಳ ಮೇಲಿದ್ದರೆ ಅದು ತಾನಾಗಿ ದಾರಿಗೆ ಬರುತ್ತದೆ. ಹ್ಯಾಂಡಲನ್ನು ಬಿಗಿಯಾಗಿ ಹಿಡಿದವರೇ ಇಲ್ಲಿ ಹೆಚ್ಚು ಬೀಳುವುದು.

ಕಲ್ಲುಗಳೆಲ್ಲ ಒಂದೇ ಅಲ್ಲ. ಜಂಬಿಟ್ಟಿಗೆಯ ಒರಟು ಮೈ ಪಾಚಿ ಕಟ್ಟದಿದ್ದರೆ ಒದ್ದೆಯಾದರೂ ಟೈರನ್ನು ಹಿಡಿದುಕೊಳ್ಳುತ್ತದೆ. ಹಳ್ಳದ ನುಣುಪು ಕರಿಗಲ್ಲನ್ನು ನಂಬಬೇಡಿ. ಹಳ್ಳಕ್ಕೆ ಹಾಕಿದ ಅಡಿಕೆ ಮರದ ಸಂಕ, ಅಂದರೆ ಕಾಲುಸೇತುವೆ, ಬಂದರೆ ಇಳಿದು ಸೈಕಲನ್ನು ಹೆಗಲಿಗೆ ಹಾಕಿಕೊಳ್ಳಿ.

ಸೈಕಲ್ ವಿಷಯಕ್ಕೆ ಬಂದರೆ, ಟೈರ್ ಟ್ಯೂಬ್‌ಲೆಸ್ ಆಗಿದ್ದರೆ ಬೇಸಿಗೆಗಿಂತ ಎರಡು ಮೂರು ಪಿಎಸ್‌ಐ ಕಡಿಮೆ ಗಾಳಿ ಇಡಿ, ಬೇರಿನ ಮೇಲೆ ಹಿಡಿತ ಹೆಚ್ಚುತ್ತದೆ. ಟ್ಯೂಬ್ ಇದ್ದರೆ ಅಷ್ಟು ಇಳಿಸಬೇಡಿ, ಕಲ್ಲಿಗೆ ತಾಗಿ ಪಂಕ್ಚರ್ ಆಗುತ್ತದೆ. ಡಿಸ್ಕ್ ಬ್ರೇಕ್ ಇರಲೇಬೇಕು. ಡಿಸ್ಕನ್ನು ಒತ್ತಿ ಹಿಡಿಯುವ ಬ್ರೇಕ್ ಪ್ಯಾಡ್‌ಗಳಲ್ಲಿ ರೆಸಿನ್ (ರಾಳ) ಬಗೆಯವು ಮರಳು ಬೆರೆತ ಕೆಸರಿನಲ್ಲಿ ಬೇಗ ಸವೆಯುತ್ತವೆ, ಮಳೆಗೆ ಲೋಹದ ಪ್ಯಾಡ್ ಹಾಕಿಸಿ. ಮನೆಗೆ ಬಂದಮೇಲೆ ಬಕೆಟ್ ನೀರಿನಲ್ಲಿ ತೊಳೆಯಿರಿ. ಸರ್ವಿಸ್ ಸ್ಟೇಷನ್ನಿನ ಪ್ರೆಶರ್ ನೀರು ಬೇರಿಂಗ್‌ನೊಳಗೆ ನುಗ್ಗುತ್ತದೆ.

ಇಂಬಳ, ಅಂದರೆ ಜಿಗಣೆ, ಹತ್ತೇ ಹತ್ತುತ್ತವೆ. ಉದ್ದ ಕಾಲುಚೀಲ, ಸ್ವಲ್ಪ ಉಪ್ಪು ಸಾಕು. ಕಚ್ಚಿದ ಜಾಗದಲ್ಲಿ ರಕ್ತ ಬೇಗ ನಿಲ್ಲುವುದಿಲ್ಲ. ಹೆಪ್ಪುಗಟ್ಟದಂತೆ ತಡೆಯುವ ಅಂಶ ಅದರ ಜೊಲ್ಲಿನಲ್ಲಿದೆ, ಹೆದರುವಂಥದ್ದೇನಲ್ಲ.

ಒಂದು ಮಾತನ್ನು ಮಾತ್ರ ಕಟ್ಟುನಿಟ್ಟಾಗಿ ಹೇಳುತ್ತೇನೆ. ಈ ದಾರಿಗಳು ನಮ್ಮ ಆಟಕ್ಕೆಂದು ಆದವಲ್ಲ. ಶಾಲೆಯ ಮಕ್ಕಳು, ತೋಟದ ಕೆಲಸಕ್ಕೆ ಹೋಗುವವರು ದಿನವೂ ನಡೆದು ಸವೆಸಿದವು. ಇಳಿಜಾರಿನಲ್ಲಿ ಹಿಂದಿನ ಚಕ್ರವನ್ನು ಲಾಕ್ ಮಾಡಿ ಎಳೆದುಕೊಂಡು ಹೋದರೆ ಒಂದು ಗೀರು ಬೀಳುತ್ತದೆ, ಮರುದಿನದ ಮಳೆ ಆ ಗೀರಿನಲ್ಲೇ ಹರಿಯುತ್ತದೆ, ತಿಂಗಳೊಳಗೆ ಅದು ಮೊಣಕಾಲುದ್ದದ ಕೊರಕಲು. ಕೆಸರಿನಲ್ಲಿ ಚಕ್ರ ಹೂತುಹೋಗುವ ಜಾಗದಲ್ಲಿ ಇಳಿದು ನಡೆಯಿರಿ. ತೋಟದ ದಾರಿಯಾದರೆ ಮನೆಯವರನ್ನು ಕೇಳಿ, ಬೇಡ ಎನ್ನುವವರು ಕಡಿಮೆ. ಮೀಸಲು ಅರಣ್ಯಕ್ಕೆ, ಕುದುರೆಮುಖ ರಾಷ್ಟ್ರೀಯ ಉದ್ಯಾನಕ್ಕೆ ಇಲಾಖೆಯ ಅನುಮತಿ ಇಲ್ಲದೆ ನುಗ್ಗಬೇಡಿ.

ಒಬ್ಬರೇ ಬರಬೇಡಿ, ಕಣಿವೆಗಳಲ್ಲಿ ಮೊಬೈಲ್ ಸಿಗ್ನಲ್ ಸಿಗುವುದಿಲ್ಲ. ಜುಲೈ ಕೊನೆಯಲ್ಲಿ ಪುಷ್ಯ ಮಳೆ ಜೋರು ಹಿಡಿದಿದ್ದರೆ ಹಳ್ಳ ದಾಟುವ ದಾರಿಗಳನ್ನು ಬಿಟ್ಟುಬಿಡಿ. ಮೊಣಕಾಲು ಮಟ್ಟದ ನೀರಿದ್ದ ಹಳ್ಳ, ಮೇಲೆಲ್ಲೋ ಮಳೆಯಾದರೆ ನೀವು ಹಿಂದಿರುಗುವಷ್ಟರಲ್ಲಿ ಎದೆಮಟ್ಟಕ್ಕೆ ಏರಿರಬಹುದು.